ನಮ್ಮ ಬೀದಿಯ ನೀರಿಗೆ ಕಾಮಾಲೆ ಬಂದದ್ದು

ಮದುವೆಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ನಮ್ಮ ಯಜಮಾನರು ಅಷ್ಟು ನೆಟ್ಟಗೆ ನಿಂತಿರಲಿಲ್ಲ. ಆ ಸೋಮವಾರ ಸಂಜೆ ಕೊರಳಲ್ಲಿ ನೀಲಿ ದಾರದ ಗುರುತಿನ ಚೀಟಿ, ಕಂಕುಳಲ್ಲಿ ನೀಲಿ ಡಬ್ಬಿ, ಮೀಸೆಯ ಮೇಲೆ ಒಬ್ಬಟ್ಟಿನ ಚೂರು, ಈ ಮೂರನ್ನೂ ಹೊತ್ತು ಅವರು ಹೊಸ್ತಿಲ ಆಚೆಯೇ ನಿಂತರು.

"ನೋಡಮ್ಮ, ಸರಿಯಾಗಿ ನೋಡು" ಎಂದರು.

ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕೈ ಒರೆಸಿಕೊಂಡು ಬಂದು ಓದಿದೆ. 'ಭಾನುಪ್ರಕಾಶ್, ಬೀದಿ ನೀರು ಪರೀಕ್ಷಕರು' ಎಂದಿತ್ತು.

ಬೀದಿಗೊಬ್ಬರಂತೆ ಜನ ಬೇಕು, ಕುಡಿಯುವ ನೀರು ಪರೀಕ್ಷೆ ಮಾಡುವುದನ್ನು ಕಲಿಸುತ್ತೇವೆ ಎಂದು ನಗರಸಭೆಯವರು ಹೇಳಿಕಳಿಸಿದ್ದರು. ನಮ್ಮ ಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಮಧ್ಯಾಹ್ನ ಒಬ್ಬಟ್ಟಿನ ಊಟವಿದೆ ಎಂದು ತಿಳಿದ ಮೇಲೆ ನಮ್ಮವರು ಒಪ್ಪಿದರು.

"ಏನೇನು ಕಲಿಸಿದ್ರು?" ಎಂದು ಕೇಳಿದೆ.

"ಬೆಳಗ್ಗೆ ಎಲ್ಲಾ ಕಲಿಸಿದ್ರು. ಯಾವ ಶೀಸೇಲಿ ಎಷ್ಟು ನೀರು, ಎಷ್ಟು ಹನಿ, ಎಷ್ಟು ಹೊತ್ತು. ಊಟ ಆದ್ಮೇಲೆ ಏನೂ ಇರಲಿಲ್ಲ ಬಿಡು. ಪರದೆ ಮೇಲೆ ಬಣ್ಣ ಬಣ್ಣದ ಚಿತ್ರ ತೋರಿಸಿದ್ರು, ಅಷ್ಟೆ."

"ಆ ಚಿತ್ರಗಳಲ್ಲಿ ಏನಿತ್ತು?"

"ಮೂರನೇ ಒಬ್ಬಟ್ಟಿನ ಮೇಲೆ ಯಾರಿಗೆ ಕಣ್ಣು ಬಿಡೋಕಾಗುತ್ತೆ?"

ಡಬ್ಬಿಯಲ್ಲಿ ಪುಟ್ಟ ಪುಟ್ಟ ಶೀಸೆಗಳಿದ್ದವು. ಜೊತೆಗೆ ಎರಡು ಕಡೆಯೂ ಅಚ್ಚಾದ, ನುಣುಪಾದ ದಪ್ಪ ಕಾಗದವೊಂದಿತ್ತು. ಅದನ್ನು ನನ್ನ ಕೈಗಿತ್ತು, "ಇದು ಓದು ಬರದೋರಿಗೆ. ನಂಗೆ ಎಲ್ಲಾ ತಲೇಲಿದೆ" ಎಂದರು. ಓದು ಬರದವರಿಗೆ ಕಾಗದ ಏಕೆ ಕೊಡುತ್ತಾರೆ ಎಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಅಷ್ಟು ಒಳ್ಳೆಯ ಕಾಗದ ಮನೆಗೆ ಬರುವುದೇ ಅಪರೂಪ. ಅಡುಗೆಮನೆಯ ಹಲಗೆಯ ಮೇಲೆ ಕಡಲೆಕಾಯಿ ಎಣ್ಣೆಯ ದೊಡ್ಡ ಡಬ್ಬ ಜಿಡ್ಡು ಬಿಡುತ್ತಿತ್ತು. ಕಾಗದವನ್ನು ಅದರ ಅಡಿಗೆ ಹಾಸಿದೆ. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ನನಗೂ ಒಂದು ಸಾಧನೆ ಮಾಡಿದಂತಾಯಿತು.

ಇಲ್ಲಿ ನಮ್ಮ ಮನೆಯ ವಾಸನೆಯ ವಿಚಾರ ಹೇಳಬೇಕು. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ಸಾಕುವವರಿಗೆ ಬೇಕಾದ ಸಾಮಾನಿನ ಅಂಗಡಿ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುತ್ತೇವೆ. ಹುಳುಮನೆ ತೊಳೆಯುವ ಸುಣ್ಣ, ಬ್ಲೀಚಿಂಗ್ ಪುಡಿ ಮಾರುತ್ತೇವೆ. ಅಂಗಡಿಯಲ್ಲಿ ಹಿಡಿಸದ ಮೂಟೆಗಳು ನಮ್ಮ ನಡುಮನೆಯಲ್ಲೇ ಇರುತ್ತವೆ. ನಮ್ಮ ಉಪ್ಪಿಟ್ಟಿಗೆ, ದಿಂಬಿಗೆ, ಮಗಳು ಕವಿತಳ ಶಾಲೆಯ ಚೀಲಕ್ಕೆ, ಎಲ್ಲಕ್ಕೂ ಬ್ಲೀಚಿಂಗಿನ ಘಮ. ಬೀದಿಯ ಮುಕ್ಕಾಲು ಮನೆಗಳೂ ರೇಷ್ಮೆಯದೇ ಕೆಲಸದವು. ಬೇರೆ ಊರಿನವರು ನಮ್ಮ ಬೀದಿಗೆ ಕಾಲಿಟ್ಟ ಕೂಡಲೇ ಸೀನುತ್ತಾರೆ. ನಮಗೆ ಮಾತ್ರ ಅದು ಗಾಳಿಯೇ. ಈ ಸಂಗತಿ ಗಮನದಲ್ಲಿರಲಿ. ಮುಂದೆ ಆದ ಅನಾಹುತಕ್ಕೆಲ್ಲ ನಮ್ಮ ಮೂಗುಗಳೂ ಪಾಲುದಾರರು.

ಮಂಗಳವಾರ ನಮ್ಮ ಬೀದಿಗೆ ನೀರು ಬಿಡುವ ದಿನ. ಇನ್ನೊಂದು ದಿನ ಶುಕ್ರವಾರ. ಬೆಳಗ್ಗೆ ಆರೂವರೆಗೆ ನೀರು ಬಿಡುವ ಕೋನಪ್ಪ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು ವಾಲ್ವ್ ತಿರುಗಿಸಿದ. ಹನ್ನೊಂದು ವರ್ಷದಿಂದ ಅವನೇ ಬಿಡುತ್ತಾನೆ, ಅವನೇ ಟ್ಯಾಂಕಿಗೆ ಔಷಧಿ ಹಾಕುತ್ತಾನೆ. ಗುತ್ತಿಗೆ ಕೆಲಸ. ವರ್ಷವರ್ಷವೂ ಹೊಸದಾಗಿ ಬರೆದುಕೊಳ್ಳುತ್ತಾರೆ.

"ಅಕ್ಕಾ, ಈ ತಿಂಗಳ ಕೊನೇಗೆ ನಂದು ಮುಗೀತದೆ. ಒಂದೇ ಒಂದು ಕಂಪ್ಲೇಂಟ್ ಇಲ್ದಿದ್ರೆ ಮುಂದಕ್ಕೂ ಬರ್ಕೊತಾರಂತೆ" ಎಂದು ಅವನು ಬಾಗಿಲಲ್ಲಿ ನಿಂತು ಹೇಳಿ, ನಾನು ಕೊಟ್ಟ ಕಾಫಿ ಕುಡಿದು ಹೋದ.

ಅವನು ಬೀದಿ ತಿರುಗುತ್ತಿದ್ದಂತೆ ನಮ್ಮವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಚೀಟಿ ಹಾಕಿಕೊಂಡು, ಸ್ಟೂಲಿನ ಮೇಲೆ ಡಬ್ಬಿ ಇಟ್ಟುಕೊಂಡು ಬೀದಿಗೆ ಬಂದರು. ನೀರು ಹಿಡಿಯುತ್ತಿದ್ದವರೆಲ್ಲ ಕೊಡ ಬಿಟ್ಟು ಸುತ್ತುವರಿದರು. ಎದುರು ಮನೆಯ ಅಶ್ವತ್ಥಮ್ಮನವರು ಎಲ್ಲರಿಗಿಂತ ಮುಂದೆ ಬಂದು ಕೂತರು. ಅವರಿಗೆ ಎಪ್ಪತ್ತೆರಡು ವರ್ಷ. ಬೀದಿಯ ಸಕಲ ರೋಗಗಳಿಗೂ ಮೊದಲ ಅಭಿಪ್ರಾಯ ಅವರದೇ.

ನಮ್ಮವರು ನಲ್ಲಿ ನೀರನ್ನು ಗಾಜಿನ ಕೊಳವೆಗೆ ತುಂಬಿ, ಮೇಲೆತ್ತಿ, ಐದು ಹನಿ ಔಷಧಿ ಬಿಟ್ಟರು. ಬೀದಿ ಉಸಿರು ಬಿಗಿಹಿಡಿಯಿತು.

ನೀರು ಹಳದಿಯಾಯಿತು. ತೆಳು ಹಳದಿಯೂ ಅಲ್ಲ, ಚೆಂಡುಹೂವಿನ ಹಳದಿ.

"ದೇವುಡಾ!" ಎಂದರು ಅಶ್ವತ್ಥಮ್ಮ.

ನಮ್ಮವರ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಪರದೆಯ ಮೇಲಿನ ಬಣ್ಣದ ಚಿತ್ರಗಳನ್ನು ಜ್ಞಾಪಿಸಿಕೊಳ್ಳುತ್ತಿದ್ದಾರೆ, ಒಬ್ಬಟ್ಟು ಅಡ್ಡ ಬರುತ್ತಿದೆ ಎಂದು ನನಗೆ ಅರ್ಥವಾಯಿತು. ಆದರೆ ಮೂವತ್ತು ಜನ ಬಾಯಿ ನೋಡುತ್ತಿರುವಾಗ ಪರೀಕ್ಷಕರು ಗೊತ್ತಿಲ್ಲ ಎನ್ನುವಂತಿಲ್ಲ. ಅವರು ನಮ್ಮ ಮನೆಯ ಸಂಪಿನಿಂದ ಒಂದು ಲೋಟ ನೀರು ತರಿಸಿ, ಅದಕ್ಕೂ ಐದು ಹನಿ ಬಿಟ್ಟರು. ಅದು ಬದಲಾಗಲೇ ಇಲ್ಲ. ಕನ್ನಡಿಯಂತಿತ್ತು.

"ತೀರ್ಮಾನ ಆಯ್ತು" ಎಂದರು ನಮ್ಮವರು. "ಸಂಪಿನ ನೀರು ಶುದ್ಧ. ನಲ್ಲಿ ನೀರಲ್ಲಿ ಏನೋ ಸೇರಿದೆ."

"ಏನೋ ಯಾಕಪ್ಪಾ ಅಂತೀಯ?" ಎಂದು ಅಶ್ವತ್ಥಮ್ಮ ಎದ್ದು ನಿಂತರು. "ಕಣ್ಣು ಹಳದಿ ಆದ್ರೆ ಮನುಷ್ಯಂಗೆ ಏನು ಅಂತೀವಿ? ಕಾಮಾಲೆ ಅಂತೀವಿ. ನೀರೇ ಹಳದಿ ಆಗದೆ ಅಂದ್ರೆ ನೀರಿಗೇ ಕಾಮಾಲೆ ಬಂದದೆ!"

ಈ ಮಾತಿನಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಎಲ್ಲರೂ ಪಕ್ಕದವರ ರೆಪ್ಪೆ ಕೆಳಗೆಳೆದು ಕಣ್ಣು ನೋಡತೊಡಗಿದರು. ಎಲ್ಲರ ಕಣ್ಣೂ ಎಲ್ಲರಿಗೂ ಸ್ವಲ್ಪ ಹಳದಿಯಾಗಿಯೇ ಕಂಡಿತು.

ರೇಷ್ಮೆ ನೂಲು ತೆಗೆಯುವ ಲಾಲ್ ಬಾಷಾ ಭಾಯಿ ಓಡಿಬಂದರು. "ಭಾನು ಸಾಬ್, ನನ್ನ ಗತಿ ಹೇಳಿ! ಬಿಳಿ ಗೂಡು ತಂದಿದೀನಿ. ಈ ನೀರಲ್ಲಿ ಬೇಯಿಸಿದ್ರೆ ನೂಲಿಗೂ ಕಾಮಾಲೆ ಬರುತ್ತಾ?"

"ಬರಬಹುದು" ಎಂದರು ನಮ್ಮವರು ಬಹಳ ಯೋಚಿಸಿ.

ನಾನು ಅವರನ್ನು ಒಳಗೆ ಕರೆದು ಮೆಲ್ಲಗೆ ಕೇಳಿದೆ. "ರೀ, ನಮ್ಮ ಸಂಪಿಗೂ ಅದೇ ನಲ್ಲಿ ನೀರೇ ಅಲ್ವಾ ಬರೋದು? ಶುಕ್ರವಾರ ತುಂಬಿಸಿದ್ದು."

"ಅಲ್ಲೇ ಇರೋದು ವಿಷಯ" ಎಂದರು. "ನಾಲ್ಕು ದಿನ ನಿಂತು ದೋಷ ಎಲ್ಲಾ ತಳಕ್ಕೆ ಇಳಿದಿದೆ. ಎಲ್ಲರ ಸಂಪೂ ಹಂಗಿರಲ್ಲ ಕಣೇ. ನಮ್ಮದು ವಾಸ್ತು ನೋಡಿ ತೋಡಿಸಿದ್ದು." ಎಂದವರೇ ಹೋಗಿ, ಹೊಸ ನೀರು ಸಂಪಿಗೆ ಬೀಳದಂತೆ ವಾಲ್ವ್ ಮುಚ್ಚಿದರು.

ಡಬ್ಬಿಯಲ್ಲಿ, ಒಳಗೆ ತಳಕ್ಕೆ ಔಷಧಿ ಪಟ್ಟಿ ಹಾಕಿದ ಇನ್ನೊಂದು ಶೀಸೆ ಇತ್ತು. ಅದಕ್ಕೂ ಸಂಪಿನ ನೀರು ತುಂಬಿ, ಮೇಲೆ 'ನಮ್ಮ ಸಂಪು' ಎಂದು ಬರೆದು ನನ್ನ ಕೈಗೆ ಕೊಟ್ಟರು. "ಇದನ್ನ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಬೇಕು. ಇಡು" ಎಂದರು. ಒಲೆಯ ಪಕ್ಕದ ಹಲಗೆಗಿಂತ ಬೆಚ್ಚಗಿನ ಜಾಗ ನಮ್ಮ ಮನೆಯಲ್ಲಿಲ್ಲ. ಎಣ್ಣೆ ಡಬ್ಬದ ಹಿಂದೆ ಇಟ್ಟೆ. ಇಬ್ಬರೂ ಮರೆತೆವು.

ಆ ಮಧ್ಯಾಹ್ನದಿಂದ ನಮ್ಮ ಮನೆಯ ಮುಂದೆ ಕೊಡಗಳ ಸಾಲು. ನಮ್ಮವರು ಅಂಗಡಿ ಮುಚ್ಚಿ ಸಂಪಿನ ಬಾಯಲ್ಲಿ ಕೂತು ಮನೆಗೆ ಎರಡು ಕೊಡದಂತೆ ಕೊಟ್ಟರು. ಕಾಸು ಕೊಡಬಂದವರನ್ನು ಗದರಿಸಿದರು. ಸಂಜೆಗೆ ಅಶ್ವತ್ಥಮ್ಮ ಸಂಪಿನ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಬುಧವಾರ ಹೂ ಮುಡಿಸಿ ಕಾಯಿ ಒಡೆದರು. ಅವರ ತಂಗಿ ಕೈವಾರದಿಂದ ಬಸ್ಸಿನಲ್ಲಿ ಎರಡು ಕ್ಯಾನು ಹಿಡಿದು ಬಂದರು. ತಂಗಿಯ ಬೀಗರು ಪೆರೇಸಂದ್ರದಿಂದ ಫೋನ್ ಮಾಡಿ, ತಮಗೂ ಒಂದು ಬಾಟಲಿ ಎತ್ತಿಡಿ ಎಂದರು. ಗುರುವಾರ ಬೆಳಗ್ಗೆ ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ ಅಶ್ವತ್ಥಮ್ಮ ಒಂದು ಲೀಟರ್ ಹಾಲನ್ನು ಸಂಪಿನೊಳಗೇ ಸುರಿದು ಕೈಮುಗಿದು ನಿಂತಿದ್ದರು.

"ಅಜ್ಜೀ, ಕುಡಿಯೋ ನೀರಲ್ವಾ ಅದು?" ಎಂದೆ.

"ಗಂಗಮ್ಮ ಕಣೇ ಅವಳು. ತಣ್ಣಗಿರಲಿ."

ನೀರಿನ ಪೂಜೆಯ ಜೊತೆಗೇ ರೋಗಕ್ಕೆ ಚಿಕಿತ್ಸೆಯೂ ನಡೆದಿತ್ತು. ಅಶ್ವತ್ಥಮ್ಮ ನೆಲನೆಲ್ಲಿ ಸೊಪ್ಪನ್ನು ಗಂಟುಗಟ್ಟಲೆ ತರಿಸಿ, ಅರೆದು, ಮಜ್ಜಿಗೆಯಲ್ಲಿ ಕಲಸಿ, ಬೆಳಗಿನ ಖಾಲಿ ಹೊಟ್ಟೆಗೆ ಬೀದಿಗೆಲ್ಲ ಒಂದೊಂದು ಲೋಟ ಕುಡಿಸಿದರು. ಪಥ್ಯವನ್ನೂ ಸಾರಿದರು. ಉಪ್ಪು ಕಮ್ಮಿ, ಖಾರ ಇಲ್ಲ, ಎಣ್ಣೆಯನ್ನಂತೂ ಮುಟ್ಟುವಂತಿಲ್ಲ. ಮೂರು ದಿನ ನಮ್ಮ ಬೀದಿಯಲ್ಲಿ ಒಂದು ಒಗ್ಗರಣೆಯ ಸದ್ದಿಲ್ಲ. ಸಾಸಿವೆ ಸಿಡಿಯದ ಬೀದಿ ಪರೀಕ್ಷೆಯ ಕೊಠಡಿಯಂತೆ ಇರುತ್ತದೆ. ಲಾಲ್ ಬಾಷಾ ಭಾಯಿಯ ಹೆಂಡತಿ ಹಮೀದಾ ಬೇಗಂ ಗೋಡೆಯ ಆಚೆಯಿಂದ ಅಳುತ್ತಿದ್ದರು.

"ಬೆಹನ್, ಮೂರು ದಿನ ಗೋಶ್ತ್ ಸಾರು ಇಲ್ಲ, ಬಘಾರ್ ಒಗ್ಗರಣೆ ಇಲ್ಲ. ಇವರ ಮುಖ ನೋಡೋಕೆ ಆಗ್ತಿಲ್ಲ. ಗಂಜಿ ತಟ್ಟೆ ಮುಂದೆ ಇಟ್ರೆ, ಇದು ಯಾರ ಮನೇದು ಅಂತ ಕೇಳ್ತಾರೆ."

ಬುಧವಾರ ಬೆಳಗ್ಗೆಯಿಂದಲೇ ಬೀದಿಯಲ್ಲಿ ಹೊಟ್ಟೆಗಳು ಕೆಡತೊಡಗಿದವು. ದೊಡ್ಡದಾಗಿ ಯಾರಿಗೂ ಏನೂ ಆಗಲಿಲ್ಲ. ಆದರೆ ಮಾತನಾಡುತ್ತಿದ್ದವರು ಮಾತು ಅರ್ಧಕ್ಕೆ ಬಿಟ್ಟು ಮನೆಗೆ ಓಡುತ್ತಿದ್ದರು. ಅಶ್ವತ್ಥಮ್ಮನವರಿಗೆ ಹಿಗ್ಗೋ ಹಿಗ್ಗು.

"ಔಷಧಿ ಕೆಲ್ಸ ಮಾಡ್ತಾ ಅದೆ! ಕಾಮಾಲೆ ಕೆಳಗಿಳೀತಾ ಅದೆ! ಇನ್ನೂ ಒಂದೊಂದು ಲೋಟ ಸಂಪಿನ ನೀರು ಕುಡೀರಿ!"

ನಮ್ಮ ಮನೆಯಲ್ಲಿ ಮಾತ್ರ ಎಲ್ಲರೂ ಗಟ್ಟಿಯಾಗಿದ್ದೆವು. ಕವಿತ ಹುಟ್ಟಿದಾಗಿನಿಂದ ಕುಡಿಯುವ ನೀರು ಕುದಿಸಿ ಆರಿಸುವುದು ನನ್ನ ಅಭ್ಯಾಸ. ಅದನ್ನು ನಮ್ಮವರು, "ನೋಡಿ, ಪರೀಕ್ಷಕನ ಮನೆಗೆ ರೋಗ ತಾಕಲ್ಲ" ಎಂದು ಹೊರಗೆ ಹೇಳಿಕೊಂಡು ಓಡಾಡಿದರು.

ಇಷ್ಟರಲ್ಲಿ ಅವರು ಒಂದು ಅರ್ಜಿಯನ್ನೂ ಬರೆದಿದ್ದರು. ಅಂಗಡಿಯ ದಪ್ಪ ಕಾಗದದ ಮೇಲೆ, ಮೂರು ಸಲ ಕರಡು ತಿದ್ದಿ, ದುಂಡಗೆ ಬರೆದ ಅರ್ಜಿ. 'ನೀರು ಬಿಡುವ ಕೋನಪ್ಪ ಎಂಬುವರ ಘೋರ ನಿರ್ಲಕ್ಷ್ಯದಿಂದ ಬೀದಿಯ ನೀರು ಹಳದಿ ವರ್ಣಕ್ಕೆ ತಿರುಗಿದ್ದು, ಸದರಿಯವರನ್ನು ಕೂಡಲೇ ಕೆಲಸದಿಂದ ತೆಗೆಯತಕ್ಕದ್ದು.' ಕೆಳಗೆ ನಲವತ್ತೆರಡು ಸಹಿ. ಲಾಲ್ ಬಾಷಾ ಭಾಯಿ ಹೊಟ್ಟೆ ಹಿಡಿದುಕೊಂಡೇ ಸಹಿ ಹಾಕಿ ಓಡಿದ್ದರಿಂದ ಅವರ ಹೆಸರು ಮಾತ್ರ ಕಾಗದದ ಅಂಚಿನವರೆಗೂ ಹೋಗಿತ್ತು.

ಅರ್ಜಿ ಬುಧವಾರವೇ ನಗರಸಭೆ ಸೇರಿತು. ಗುರುವಾರ ಉತ್ತರ ಬಂತು. ಶುಕ್ರವಾರ ಬೆಳಗ್ಗೆ ನೀರು ಬಿಡುವ ಹೊತ್ತಿಗೆ ನೀರು ವಿಭಾಗದ ಎಂಜಿನಿಯರ್ ಶೋಭಾರಾಣಿ ಮೇಡಂ ತಾವೇ ಬೀದಿಗೆ ಬಂದು ವಿಚಾರಿಸುತ್ತಾರೆ ಎಂದಿತ್ತು.

ಗುರುವಾರ ಸಂಜೆ ಕೋನಪ್ಪ ಹಿತ್ತಿಲ ಬಾಗಿಲಿಗೆ ಬಂದ. ಜೊತೆಗೆ ಹೆಂಡತಿ ಮಂಗಮ್ಮ. ಕಾಫಿ ಕೊಟ್ಟರೆ ಅವನು ಲೋಟ ಮುಟ್ಟಲಿಲ್ಲ.

"ಅಕ್ಕಾ, ನಾನೇನು ತಪ್ಪು ಮಾಡ್ದೆ ಅಂತ ಹೇಳಿ. ಹಾಕಬೇಕಾದಷ್ಟೇ ಬ್ಲೀಚಿಂಗ್ ಹಾಕ್ತೀನಿ. ಅಳತೆ ಡಬ್ಬಿ ಅದೆ, ಅದ್ರಲ್ಲೇ ಅಳೀತೀನಿ. ಅಳ್ದು, ಬಕೀಟಲ್ಲಿ ಕಲ್ಸಿ, ತಿಳಿನೀರು ಮಾತ್ರ ಟ್ಯಾಂಕಿಗೆ ಬಿಡ್ತೀನಿ. ಹಳದಿ ಎಲ್ಲಿಂದ ಬಂತು ಅಂತ ನಂಗೂ ಗೊತ್ತಾಗ್ತಿಲ್ಲ."

"ಪರೀಕ್ಷೆ ಮಾಡೋರು ನಿಂಗೆ ತೋರಿಸಲ್ವಾ ಕೋನಪ್ಪ?"

"ಆಫೀಸ್ನೋರು ಬಾಟ್ಲು ತುಂಬ್ಕೊಂಡು ಹೋಗ್ತಾರಕ್ಕ. ಸರಿ ಅದೆ ಅಂತಾರೆ. ಬಣ್ಣ ಗಿಣ್ಣ ನಂಗೇನು ಗೊತ್ತು?"

ಮಂಗಮ್ಮ ಸೆರಗು ಬಾಯಿಗೆ ಹಿಡಿದಿದ್ದಳು. "ನಾಳೆ ಆಯಮ್ಮ ಬಂದು ಹೂಂ ಅಂದ್ರೆ ಇವನ ಹೆಸ್ರು ಹೊಡ್ದಾಕ್ತಾರಂತೆ. ಹನ್ನೊಂದು ವರ್ಷ ಅಕ್ಕ. ಹಬ್ಬಾ ಅಂತಿಲ್ಲ, ಹುಣ್ಣಿಮೆ ಅಂತಿಲ್ಲ. ನಮ್ಮ ಮದ್ವೆ ದಿನಾನೂ ನೀರು ಬಿಟ್ಟೇ ತಾಳಿ ಕಟ್ಟಿದ್ದು ಇವ್ನು."

ಒಳಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಗುರುತಿನ ಚೀಟಿಯನ್ನು ತಿರುಗಿಸುತ್ತ ಕೂತರು. ಅವರು ಕೆಟ್ಟವರಲ್ಲ. ಹುಳು ಕೈಕೊಟ್ಟ ರೈತರು ಬಂದರೆ ಚಂದ್ರಿಕೆ ಬಾಡಿಗೆಯನ್ನೇ ಮರೆತುಬಿಡುವ ಮನುಷ್ಯ.

"ನಂಗೂ ಪಾಪ ಅನ್ಸುತ್ತೆ ಕಣೇ" ಎಂದರು ಕೊನೆಗೆ. "ಆದ್ರೆ ವಿಜ್ಞಾನ ಅಂತ ಒಂದಿದೆಯಲ್ಲ. ನೀರು ಹಳದಿ ಆಗಿದ್ದನ್ನ ನಾನು ಬಿಳಿ ಅಂತ ಹೇಳೋಕಾಗುತ್ತಾ? ನಾಳೆ ಮೇಡಂ ಬರ್ತಾರೆ. ತಟ್ಟೇಲಿ ಬಿಸಿ ಬಿಸಿ ಬೋಂಡ ಇರಬೇಕು. ಪಥ್ಯ ಅವರಿಗಿಲ್ಲ."

ಶುಕ್ರವಾರ ಬೆಳಗ್ಗೆ ಆರೂವರೆಗೆ ಬೀದಿಗೆ ಬೀದಿಯೇ ನೆರೆದಿತ್ತು. ಅಲೀಪುರದಿಂದ ಹಮೀದಾ ಬೇಗಂ ಅವರ ಅಣ್ಣನೂ ನೋಡಲೆಂದೇ ಬಂದಿದ್ದರು. ಶೋಭಾರಾಣಿ ಮೇಡಂ ಸ್ಕೂಟಿ ನಿಲ್ಲಿಸಿ ಇಳಿದವರೇ ಎರಡು ಸಲ ಸೀನಿದರು. ನಮ್ಮವರು ಕುರ್ಚಿ ಹಾಕಿ, ಕೈಕಟ್ಟಿ, ಭಾಷಣ ಶುರುಮಾಡಿದರು. ಒಂದು ಪಕ್ಕದಲ್ಲಿ ಮಂಗಮ್ಮನ ಜೊತೆ ಕೋನಪ್ಪ ಕಬ್ಬಿಣದ ಕೀಲಿಯನ್ನು ಎದೆಗಪ್ಪಿಕೊಂಡು ನಿಂತಿದ್ದ. ಇವತ್ತು ಅದನ್ನು ಕಿತ್ತುಕೊಳ್ಳುತ್ತಾರೆ ಎಂದು ಅವನಿಗೆ ಖಾತ್ರಿಯಾಗಿತ್ತು.

ನಾನು ಒಳಗೆ ಕಡಲೆಹಿಟ್ಟು ಕಲಸಿ, ಬಾಣಲೆ ಇಟ್ಟು, ಮೂರು ದಿನದ ಮೇಲೆ ಮೊದಲ ಸಲ ಎಣ್ಣೆ ಡಬ್ಬಕ್ಕೆ ಕೈ ಹಾಕಿದೆ. ಡಬ್ಬ ಎತ್ತಿದರೆ ಅಡಿಯ ಕಾಗದವೂ ಅಂಟಿಕೊಂಡು ಮೇಲೆ ಬಂತು. ಬಿಡಿಸಲು ಹೋದೆ. ದುಂಡಗೆ ಎಣ್ಣೆ ಇಳಿದ ಜಾಗದಲ್ಲಿ ಬಣ್ಣಗಳು ಇನ್ನೂ ಚೆನ್ನಾಗಿ ಕಾಣುತ್ತಿದ್ದವು.

ಮೊದಲು ಒಂದು ಹಳದಿ ಕೊಳವೆಯ ಚಿತ್ರ. ಅದರ ಪಕ್ಕದಲ್ಲಿ, 'ಹಳದಿ ಬಂದರೆ ನೀರಿನಲ್ಲಿ ಕ್ಲೋರಿನ್ ಇದೆ. ರೋಗಾಣುಗಳಿಂದ ರಕ್ಷಣೆ ಇದೆ.'

ನಾನು ಅದನ್ನು ಮತ್ತೊಮ್ಮೆ ಓದಿದೆ.

ಅದರ ಕೆಳಗೆ ಬಣ್ಣವಿಲ್ಲದ ಕೊಳವೆ. 'ಬಣ್ಣ ಬಾರದಿದ್ದರೆ ರಕ್ಷಣೆ ಇಲ್ಲ. ಕುದಿಸದೆ ಕುಡಿಯಬೇಡಿ.'

ಕೊನೆಗೆ ಒಂದು ಶೀಸೆ. 'ಶೀಸೆಯ ನೀರು ಕಪ್ಪಾದರೆ ನೀರು ಕೆಟ್ಟಿದೆ. ಕುಡಿಯಲೇಬಾರದು.'

ಶೀಸೆ! ತಲೆ ಎತ್ತಿ ನೋಡಿದೆ. ಡಬ್ಬ ಇದ್ದ ಜಾಗದ ಹಿಂದೆ, ಬೆಚ್ಚಗೆ, ಯಾರ ಗೊಡವೆಯೂ ಇಲ್ಲದೆ 'ನಮ್ಮ ಸಂಪು' ಕೂತಿತ್ತು. ಕಾಡಿಗೆಯಷ್ಟು ಕಪ್ಪಗೆ.

ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಒಲೆ ಆರಿಸದೆ ಅಡುಗೆಮನೆ ಬಿಟ್ಟವಳಲ್ಲ. ಅವತ್ತೂ ಆರಿಸಿದೆ. ಆಮೇಲೆ ಓಡಿದೆ.

ಹೊರಗೆ ನಮ್ಮವರ ಭಾಷಣ ಮುಗಿಯುವ ಹಂತದಲ್ಲಿತ್ತು. "ಆದ್ದರಿಂದ ಮೇಡಂ, ಒಂದು ಕಡೆ ಕಾಮಾಲೆ ನೀರು, ಇನ್ನೊಂದು ಕಡೆ ಈ ಬೀದಿಯನ್ನೇ ಕಾಪಾಡಿದ ನಮ್ಮ ಸಂಪಿನ ನೀರು. ನೀವೇ ರುಚಿ ನೋಡಿ!" ಅಶ್ವತ್ಥಮ್ಮ ಬೆಳ್ಳಿಯ ಲೋಟದ ತುಂಬ ಸಂಪಿನ ನೀರು ತಂದು, ಅದರಲ್ಲಿ ಎರಡು ದಳ ತುಳಸಿ ಹಾಕಿ, ಮೇಡಂ ಕೈಗಿತ್ತರು. ಸೀನಿ ಸೀನಿ ಬಾಯಾರಿದ್ದ ಮೇಡಂ ಲೋಟ ಬಾಯಿಗೆತ್ತಿದರು.

"ಕುಡೀಬೇಡಿ!" ಎಂದು ನಾನು ಕೂಗಿದೆ.

ನಾನು ಕೂಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಮೇಡಂ ಬೆಚ್ಚಿ ಲೋಟ ಬಿಟ್ಟರು. ನೀರು ಅಷ್ಟೂ ನಮ್ಮವರ ಇಸ್ತ್ರಿ ಅಂಗಿಯ ಮೇಲೆ, ಗುರುತಿನ ಚೀಟಿಯ ಮೇಲೆ. ನನ್ನ ಒಂದು ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಕಾಗದ, ಇನ್ನೊಂದು ಕೈಯಲ್ಲಿ ಕಪ್ಪು ಶೀಸೆ, ಮೊಣಕೈವರೆಗೂ ಕಡಲೆಹಿಟ್ಟು.

"ಏನಾಯ್ತೇ?" ಎಂದರು ನಮ್ಮವರು.

"ಇದನ್ನ ಓದಿ. ಜೋರಾಗಿ ಓದಿ."

ಅವರು ಕಾಗದ ತೆಗೆದುಕೊಂಡು ಗತ್ತಿನಿಂದಲೇ ಶುರುಮಾಡಿದರು. "ಹಳದಿ ಬಂದರೆ ನೀರಿನಲ್ಲಿ ಕ್ಲೋರಿನ್ ಇದೆ. ರೋಗಾಣುಗಳಿಂದ..." ಅಲ್ಲಿಗೆ ದನಿ ಇಳಿಯಿತು. "...ರಕ್ಷಣೆ..." ಇನ್ನೂ ಇಳಿಯಿತು. "...ಇದೆ" ಎಂಬುದು ನನಗೆ ಮಾತ್ರ ಕೇಳಿಸಿತು.

"ಕ್ಲೋರಿನ್ ಅಂದ್ರೆ ಏನಪ್ಪಾ ಅದು?" ಎಂದು ಅಶ್ವತ್ಥಮ್ಮ ಕೇಳಿದರು.

"ಬ್ಲೀಚಿಂಗ್ ಅಜ್ಜಿ" ಎಂದರು ಮೇಡಂ. "ಟ್ಯಾಂಕಿಗೆ ಹಾಕ್ತಾರಲ್ಲ, ಕ್ರಿಮಿ ಸಾಯೋಕೆ. ಅದು ನೀರಲ್ಲಿದ್ರೆ ಔಷಧಿ ಹನಿಗೆ ಹಳದಿ ಬರುತ್ತೆ. ಹಳದಿ ಬರಬೇಕು! ನಾಲ್ಕು ದಿನ ಸಂಪಲ್ಲಿ ನಿಂತ್ರೆ ಅದರ ಶಕ್ತಿ ಹೋಗುತ್ತೆ, ಅದಕ್ಕೇ ಸಂಪಿನ ನೀರು ಹಳದಿ ಆಗಲಿಲ್ಲ. ಅಲ್ರೀ ಭಾನುಪ್ರಕಾಶ್, ಬೀದಿಗೆ ಕಾಲಿಟ್ಟ ತಕ್ಷಣ ನನ್ನ ಮೂಗಿಗೆ ಬ್ಲೀಚಿಂಗ್ ಬಡೀತು. ನೀವು ಅದನ್ನ ಮೂಟೆ ಮೂಟೆ ಮಾರ್ತೀರಂತೆ. ನಲ್ಲಿ ನೀರಿನ ವಾಸನೆ ನಿಮಗೆ ಗೊತ್ತಾಗಲಿಲ್ವಾ?"

ಬೀದಿಯ ಅಷ್ಟೂ ಜನ ಒಟ್ಟಿಗೇ ಗಾಳಿ ಎಳೆದುಕೊಂಡು ಮೂಸಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ.

"ಮತ್ತೆ ಈ ಕಪ್ಪು ಬಾಟ್ಲಿ?" ಎಂದು ಲಾಲ್ ಬಾಷಾ ಭಾಯಿ ಮೆಲ್ಲಗೆ ಕೇಳಿದರು.

"ಅದು ನೀವು ಮೂರು ದಿನದಿಂದ ಕುಡೀತಿರೋ ನೀರು."

ಆಗ ಆ ಬೀದಿಯಲ್ಲಿ ಎದ್ದ ಗದ್ದಲವನ್ನು ಬರೆಯಲು ನನ್ನಿಂದಾಗದು. ಎಂಟು ಜನ ಕೂಡಲೇ ಹೊಟ್ಟೆ ಹಿಡಿದುಕೊಂಡು ಮನೆಗಳತ್ತ ಓಡಿದರು. ಹಮೀದಾ ಬೇಗಂ, "ಯಾ ಅಲ್ಲಾ, ಮೂರು ದಿನ ಗಂಜಿ ಸುಮ್ನೆ ತಿಂದ್ವಾ!" ಎಂದು ಹಣೆ ಬಡಿದುಕೊಂಡರು. ಕೈವಾರದ ತಂಗಿಗೆ ಫೋನ್ ಹಚ್ಚಿದ ಅಶ್ವತ್ಥಮ್ಮ, "ಕ್ಯಾನು ಸುರಿಯೇ! ಗಿಡಕ್ಕೂ ಬ್ಯಾಡ, ಮೋರಿಗೆ ಸುರಿಯೇ!" ಎಂದು ಕಿರುಚಿ, ಪೆರೇಸಂದ್ರದ ಬೀಗರಿಗೆ ಮಾತ್ರ ನೀರು ಮುಗಿದುಹೋಯಿತೆಂದು ಹೇಳಲು ತಿಳಿಸಿದರು.

ನಮ್ಮವರು ಒದ್ದೆ ಅಂಗಿಯಲ್ಲಿ ನಿಂತಿದ್ದರು. ಒಂದು ಸಲ ಕಾಗದವನ್ನು ತಿರುಗಿಸಿ, "ಇದು ಹಳೇ ಕಾಗದ ಇರಬಹುದು..." ಎಂದು ಆರಂಭಿಸಿದರು. ಅಷ್ಟರಲ್ಲಿ ಅವರ ಕಣ್ಣು ಮಂಗಮ್ಮನ ಮೇಲೆ ಬಿತ್ತು. ಗಂಡನ ಕೈಯಲ್ಲಿದ್ದ ಕಬ್ಬಿಣದ ಕೀಲಿಯ ಇನ್ನೊಂದು ತುದಿಯನ್ನು ಅವಳೂ ಬಿಗಿಯಾಗಿ ಹಿಡಿದು ನಿಂತಿದ್ದಳು.

ನಮ್ಮವರು ಕಾಗದವನ್ನು ಕೆಳಗಿಳಿಸಿದರು.

"ಮೇಡಂ, ಅರ್ಜಿ ಬರೆದೋನು ನಾನು. ನಲವತ್ತೆರಡು ಜನರ ಹತ್ರ ಸಹಿ ಹಾಕಿಸಿದೋನೂ ನಾನು. ಕೋನಪ್ಪ ತನ್ನ ಕೆಲ್ಸ ಸರಿಯಾಗಿ ಮಾಡಿದಾನೆ. ಅವನು ಸರಿಯಾಗಿ ಮಾಡಿದ್ದಕ್ಕೇ ನೀರು ಹಳದಿ ಆಗಿದ್ದು. ನಾನು ಒಬ್ಬಟ್ಟು ತಿಂದು ಮಲಗಿಬಿಟ್ಟೆ. ತಪ್ಪು ಪೂರ್ತಿ ನಂದೇ."

"ಪೂರ್ತಿ ಅಲ್ಲ" ಎಂದೆ ನಾನು. "ಅರ್ಧ ನಂದು. ಆ ಕಾಗದಾನ ಎಣ್ಣೆ ಡಬ್ಬದ ಕೆಳಗೆ ಹಾಸಿದ್ದು ನಾನು."

ನಮ್ಮವರು ನನ್ನತ್ತ ನೋಡಿದ ನೋಟ ಹೇಗಿತ್ತೆಂದರೆ, ನಾನು ಕೈಯ ಕಡಲೆಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುವ ನೆಪ ಮಾಡಬೇಕಾಯಿತು.

ಶೋಭಾರಾಣಿ ಮೇಡಂ ನಗು ತಡೆಯಲು ಮತ್ತೊಂದು ಸಲ ಸೀನಿದರು. ಬ್ಯಾಗಿನಿಂದ ಅರ್ಜಿ ತೆಗೆದು ನಮ್ಮವರ ಕೈಗಿಟ್ಟು, "ಇದನ್ನ ನೀವೇ ವಾಪಸ್ ತಗೊಳ್ತೀರಲ್ಲ?" ಎಂದರು. ಹೂಂ ಎಂದರು ಇವರು. ಮೇಡಂ ಕೋನಪ್ಪನ ಕಡೆ ತಿರುಗಿದರು. "ಕೋನಪ್ಪ, ಹನ್ನೊಂದು ವರ್ಷದಲ್ಲಿ ನಿನ್ನ ಮೇಲೆ ಬಂದ ಒಂದೇ ಕಂಪ್ಲೇಂಟ್ ಇದು. ಇದೂ ಈಗ ಇಲ್ಲ. ಸೋಮವಾರ ಬಂದು ಹೊಸ ವರ್ಷದ ಗುತ್ತಿಗೆಗೆ ಸಹಿ ಹಾಕು. ಈಗ ಮೊದಲು ಈ ಗಂಗಮ್ಮನ್ನ ಸರಿ ಮಾಡು."

ಕೋನಪ್ಪ ಲುಂಗಿ ಮಡಿಸಿ ಕಟ್ಟಿ ಸಂಪಿಗೆ ಇಳಿದ. ನೀರು ಖಾಲಿಯಾದ ಮೇಲೆ ಒಂದೊಂದಾಗಿ ಮೇಲೆ ಬಂದವು. ಕವಿತಳ ಹೋದ ವರ್ಷದ ಚೆಂಡು, ಎರಡು ಕಾಯಿಹೋಳು, ಅಶ್ವತ್ಥಮ್ಮನ ಹೂವಿನ ಮಾಲೆ, ಬಹಳ ಕಾಲದಿಂದ ಅಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಒಂದು ಕಪ್ಪೆ. ಅಶ್ವತ್ಥಮ್ಮ ಕಪ್ಪೆಯನ್ನೇ ದಿಟ್ಟಿಸಿ, "ನಾನು ಹಾಲು ಕುಡಿಸಿದ್ದು ಇವಳಿಗಾ?" ಎಂದರು.

ಗೋಡೆ ಉಜ್ಜಿ, ತೊಳೆದು, ಹೊಸ ನೀರು ಬಿಟ್ಟು, ಬ್ಲೀಚಿಂಗ್ ಹಾಕಬೇಕಿತ್ತು. ನಮ್ಮವರು ನಡುಮನೆಯ ಮೂಟೆಯಿಂದ ತಾವೇ ತಂದರು. ಕೋನಪ್ಪ ತನ್ನ ಡಬ್ಬಿಯಲ್ಲಿ ಅಳೆದು, ಬಕೆಟ್ಟಿನಲ್ಲಿ ಕಲಸಿ, ತಿಳಿ ಸುರಿದ. ಅರ್ಧ ಗಂಟೆ ಬಿಟ್ಟು ನಮ್ಮವರು ಮತ್ತೆ ಕೊಳವೆ ಎತ್ತಿದರು. ಬೀದಿ ಮತ್ತೆ ಉಸಿರು ಬಿಗಿಹಿಡಿಯಿತು. ಒಂದು ಹನಿ. ಎರಡು. ಐದು.

"ಹಳದಿ!" ಎಂದು ನಮ್ಮವರು ಕುಣಿದೇ ಬಿಟ್ಟರು. "ಹಳದಿ ಬಂತು ಕೋನಪ್ಪಾ! ಹಳದಿ!"

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಕೋನಪ್ಪ ನಗುತ್ತ ಕಬ್ಬಿಣದ ಕೀಲಿಯನ್ನು ಗೋಡೆಗೆ ಒರಗಿಸಿ, ಮೂರು ದಿನದ ಮೇಲೆ ನಮ್ಮ ಮನೆಯ ಕಾಫಿ ಕೇಳಿ ಕುಡಿದ. ನಾನು ಒಳಗೆ ಹೋಗಿ ಒಲೆ ಹಚ್ಚಿ ಬೋಂಡ ಬಿಟ್ಟೆ. ಸುರ್ ಎಂಬ ಸದ್ದು ಕೇಳಿದ ಲಾಲ್ ಬಾಷಾ ಭಾಯಿಯ ಕಣ್ಣಲ್ಲಿ ನೀರು ಬಂದದ್ದನ್ನು ಹಮೀದಾ ಬೇಗಂ ನನಗೆ ಆಮೇಲೆ ಹೇಳಿದರು.

ಈಗ ಮಂಗಳವಾರ, ಶುಕ್ರವಾರ ನಮ್ಮವರು ಕೋನಪ್ಪನ ಹಿಂದೆಯೇ ಕೊಳವೆ ಹಿಡಿದು ಹೋಗುತ್ತಾರೆ. "ಏನೋ ಕೋನಪ್ಪಾ, ಇವತ್ತು ಹಳದಿ ಸ್ವಲ್ಪ ಕಮ್ಮಿ ಕಾಣುತ್ತೆ?" ಎಂದರೆ ಅವನು, "ಬಿಸಿಲಿಗೆ ಹಿಡ್ದು ನೋಡಣ್ಣ, ಸರ್ಯಾಗದೆ" ಎನ್ನುತ್ತಾನೆ. ಎಣ್ಣೆಯ ದುಂಡು ಗುರುತಿರುವ ಆ ಕಾಗದಕ್ಕೆ ನಮ್ಮವರು ಕಟ್ಟು ಹಾಕಿಸಿ, ನಮ್ಮ ಮದುವೆ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾರೆ.

ಹಾಗಾಗಿ ಎಣ್ಣೆ ಡಬ್ಬದ ಅಡಿಗೆ ಬೇರೆ ಕಾಗದ ಬೇಕಾಯಿತು. ಮನೆಯಲ್ಲೆಲ್ಲ ಹುಡುಕಿದೆ. ದಪ್ಪ ಕಾಗದ ಎಂದು ಸಿಕ್ಕಿದ್ದು ಒಂದೇ. ನಲವತ್ತೆರಡು ಸಹಿಗಳು, ಕೊನೆಯದು ಅಂಚಿನವರೆಗೂ ಹೋಗಿದೆ. ಅದನ್ನೇ ಹಾಸಿದೆ. ಅಳತೆ ತೆಗೆದು ಮಾಡಿಸಿದಂತೆ ಕೂತಿತು.